ಟೊಳ್ಳು ಮೂಳೆಗೆ ಮೇಣ ತುಂಬಿದವನು

ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಯಾವ ಊರು, ಏನು ಹೆಸರು ಎಂದು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಎದ್ದು ಹೋಗುತ್ತೀರಿ.

ಖಾಲಿ ಎಂಬುದನ್ನು ಕಂಡರೆ ಅವನಿಗಾಗದು. ಖಾಲಿ ಡಬ್ಬಿ ಕಂಡರೆ ತುಂಬಿಸುವನು, ಹೆಂಡತಿ ಮಾತಿನ ನಡುವೆ ಒಂದು ಕ್ಷಣ ನಿಂತರೆ ಆ ಜಾಗವನ್ನೂ ತುಂಬಿಸುವನು. ಒಂದು ದಿನ ಆಕೆ, "ರೀ, ನನಗೆ..." ಎಂದಳು. "ಗೊತ್ತು ಬಿಡು, ಸೀರೆ ತಾನೆ?" ಎಂದ. ಆಕೆ ಅಣ್ಣನ ಮನೆಗೆ ಹೊರಟುಹೋದಳು.

ಈಗ ನೋಡಿ, ಮನೆ ತುಂಬ ಸಾಮಾನು, ಅವನಿಗೆ ಬೇಕಾದದ್ದು ಒಂದೇ: ಆ 'ನನಗೆ'ಯ ಮುಂದೆ ಏನಿತ್ತು? ಊಟಕ್ಕೆ ಕೂತರೆ ಅದೇ, ಸ್ನಾನಕ್ಕೆ ನಿಂತರೆ ಅದೇ.

ಆಕೆ ಮರಿಯಿಂದ ಸಾಕಿದ ಕೊಕ್ಕರೆಯೊಂದು ಹಿತ್ತಲಲ್ಲಿತ್ತು. ಅದರ ರೆಕ್ಕೆ ಮುರಿಯಿತು. ಇದನ್ನು ಹಾರಿಸಿ ತೋರಿಸಿದರೆ ಆಕೆ ಕೂತು ಮಾತಾಡಿಯಾಳು ಎಂದುಕೊಂಡು, ಮೂಳೆ ಕಟ್ಟುವ ಅಜ್ಜಿಯನ್ನು ಕರೆಸಿದ.

"ಈ ಮೂಳೆ ಒಳಗೇನೂ ಇಲ್ವಲ್ಲ ಅಜ್ಜಿ? ಕುರಿ ಮೂಳೆ ಆದ್ರೆ ತುಂಬಿರತ್ತೆ."

"ಇದು ಹಾರೋ ಜೀವ, ಧಣಿ. ಒಳಗೆ ಗಾಳಿ ಆಡ್ಬೇಕು. ಬಿದಿರು ಸೀಳಿಟ್ಟು ಕಟ್ತೀನಿ, ಸುಮ್ನೆ ಬಿಟ್ಬಿಡಿ."

"ನಮ್ಮನೆ ಹಕ್ಕಿ ಮೂಳೆ ಟೊಳ್ಳಾ?"

ಸುಮ್ಮನೆ ಬಿಡುವುದೊಂದು ಅವನಿಗೆ ಬಾರದು. ಅಜ್ಜಿ ಹೋದ ಮೇಲೆ ಕಟ್ಟು ಬಿಚ್ಚಿ, ಮೇಣ ಕಾಯಿಸಿ, ಮುರಿದ ಮೂಳೆಯೊಳಗೆ ತುಂಬಿದ. ಮೂಳೆ ಕೂಡಿತು. ಹಕ್ಕಿ ಮಾತ್ರ ನಾಲ್ಕು ಹೆಜ್ಜೆ ಓಡಿ, ರೆಕ್ಕೆ ಬಡಿದು, ಏದುಸಿರು ಬಿಡುತ್ತ ಕೂತುಬಿಡುತ್ತಿತ್ತು.

ಸುದ್ದಿ ಕೇಳಿ ಹೆಂಡತಿ ಬಂದಳು. ರೆಕ್ಕೆ ಮುಟ್ಟಿ ನೋಡಿದಳು.

"ಅವತ್ತು ಏನು ಹೇಳೋಕೆ ಹೊರಟಿದ್ದೆ?" ಎಂದು ಕೇಳಿದ. ತಿಂಗಳುಗಟ್ಟಲೆ ಕಾದಿಟ್ಟ ಪ್ರಶ್ನೆ. ಆಕೆ ಉಸಿರೆಳೆದುಕೊಂಡಳು. ಅಷ್ಟೇ ಹೊತ್ತು. ಅಷ್ಟನ್ನೂ ಅವನು ತಾಳಲಿಲ್ಲ. "ಒಡವೆನಾ? ಯಾತ್ರೆನಾ? ನಮ್ಮಮ್ಮನ ವಿಷಯಾನಾ?"

ಆಕೆ ಹಕ್ಕಿಯನ್ನು ಎದೆಗವುಚಿಕೊಂಡು ಮೆಟ್ಟಿಲಿಳಿದಳು. ಅವನಿಗೆ ಇವತ್ತಿಗೂ ಗೊತ್ತಿಲ್ಲ.

ನಗಬೇಡಿ. ನಿಮ್ಮ ಹುಬ್ಬಿನ ಹಿಂದೆ, ಕೆನ್ನೆಯ ಮೂಳೆಯೊಳಗೆ, ಬರೀ ಗಾಳಿಯ ಗೂಡುಗಳಿವೆ. ನೆಗಡಿಗೆ ಅವು ತುಂಬಿಕೊಂಡರೆ ತಲೆ ಎತ್ತಲಾರಿರಿ. ದೇವರು ಮುಖದೊಳಗೇ ಜಾಗ ಬಿಟ್ಟಿದ್ದಾನೆ, ನೀವು ಮಾತಿನ ನಡುವೆ ಬಿಡಲಾರಿರಾ?

ಇವತ್ತು ಮನೆಗೆ ಹೋಗಿ. ಬಹಳ ದಿನದಿಂದ ಸುಮ್ಮನಿರುವವರು ಒಬ್ಬರು ಇರುತ್ತಾರೆ. "ಏನಾಯ್ತು?" ಎಂದು ಕೇಳಿ. ಕೇಳಿದ ಮೇಲೆ ನೀವೇ ಉತ್ತರ ಹೇಳಬೇಡಿ. ಹಾಲು ಉಕ್ಕಲಿ, ಫೋನು ಬಡಿದುಕೊಳ್ಳಲಿ. ಅವರು ಬಾಯಿ ತೆರೆಯುವವರೆಗೆ ಎದುರಿಗೆ ಕೂತಿರಿ.