ಗೇಣುದ್ದ ಲಾರಿಯ ಮಾಲೀಕ

ಮೆಲ್ಲಗೆ ಮಾತಾಡಿ, ಒಳಗೆ ದೊಡ್ಡಮ್ಮ ಮಲಗಿದ್ದಾರೆ. ಇದು ಅವರ ಮಗಳಿಗೇ ಆಗಿದ್ದು, ಅಂದರೆ ನನ್ನ ಅಕ್ಕನಿಗೆ. ಯಾರೋ ಯಾರಿಗೋ ಹೇಳಿದ್ದನ್ನ ತಂದು ನಿಮ್ಮ ಕಿವಿಗೆ ಸುರಿಯೋ ಪೈಕಿ ನಾನಲ್ಲ.

ಅಕ್ಕ ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವವಳು. ನಾವೆಲ್ಲ ಹಲ್ಲಕ್ಕ ಅಂತ ರೇಗಿಸುತ್ತಿದ್ದೆವು. ಆ ರಾತ್ರಿ ಕೆಲಸ ಮುಗಿಸಿ ಹೊರಟಾಗ ಬೀದಿ ಖಾಲಿ. ದಾರಿಯಲ್ಲಿ ಹಳೆ ಲಾರಿ ಶೆಡ್ಡು, ಅದರ ಪಕ್ಕ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ ಬತ್ತಿದ ಬಾವಿ. ಅವಳ ಚಪ್ಪಲಿ ಸದ್ದು ಬಿಟ್ಟರೆ ಬೇರೇನಿಲ್ಲ... ಚಟ್, ಚಟ್, ಚಟ್. ಆಮೇಲೆ ಬಾವಿ ಕಡೆಯಿಂದ... ಝಲ್.

ಬೀಗದಕೈ ಗೊಂಚಲು. ಬೆರಳಿಗೆ ಸಿಕ್ಕಿಸಿ ತಿರುಗಿಸಿದ ಸದ್ದು.

"ಲಾರಿ ಮುಗೀತಾ?"

ಪಿಸುದನಿ. ಅಕ್ಕನಿಗೆ ಗುರುತು ಸಿಕ್ಕಿತು. ಶೆಡ್ಡಿನ ಮಾಲೀಕ. ಅದೇ ಬಾವಿಕಟ್ಟೆ ಮೇಲೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಎದ್ದಿರಲಿಲ್ಲ. ಅವನು ಹೋಗಿ ವರ್ಷ ದಾಟಿತ್ತು.

ಯಾವ ಲಾರಿ ಅಂತ ಹೇಳಬೇಕು ನಿಮಗೆ. ಅಕ್ಕನಿಗೆ ಪುಟಾಣಿ ಗಾಡಿ ಕಟ್ಟುವ ಹುಚ್ಚು. ಅಂಗಡಿಯಲ್ಲಿ ಡಬ್ಬಿ ತಂದು ಜೋಡಿಸೋದಲ್ಲ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಡಬ್ಬದ ತಗಡು ಬಗ್ಗಿಸಿ, ರಬ್ಬರ್ ಕೊರೆದು ಟಯರು ಮಾಡಿ, ಎಲ್ಲ ಕೈಯಿಂದಲೇ. ಈ ಸಲ ಕಟ್ಟುತ್ತಿದ್ದದ್ದು ದೊಡ್ಡಪ್ಪ ಓಡಿಸುತ್ತಿದ್ದ ಲಾರಿ. ಗೇಣುದ್ದ. ಎಡಗಡೆ ಬಾಗಿಲಿನ ತಗ್ಗು ಕೂಡ ಬಿಟ್ಟಿರಲಿಲ್ಲ. ಕ್ಯಾಬಿನ್ ಹಣೆಯ ಮೇಲೆ ಹೆಸರು ಬರೆಯೋದೊಂದು ಬಾಕಿ.

ಆ ಹಣೆಯದೇ ರಗಳೆ. "ಕೂದಲು ನೆರೆಯೋ ತನಕ ಓಡಿಸಯ್ಯ, ಆಮೇಲೆ ಲಾರಿ ನಿಂದೇ. ನನ್ನ ಹೆಸರು ಅಳಿಸಿ ನಿನ್ನದು ಬರಸ್ಕೋ" ಅಂತ ಮಾಲೀಕ ಎಲ್ಲರ ಎದುರು ಮಾತು ಕೊಟ್ಟಿದ್ದ. ದೊಡ್ಡಪ್ಪನ ಕೂದಲು ನೆರೆಯಿತು. ಇವನು ಲಾರಿಯನ್ನ ಗುಜರಿಗೆ ಹಾಕಿದ. ಕೊಡೋಕೆ ಮನಸ್ಸಿಲ್ಲ, ಅಷ್ಟೇ. ಅದನ್ನ ಗ್ಯಾಸಿನಲ್ಲಿ ಕತ್ತರಿಸೋದನ್ನ ದೊಡ್ಡಪ್ಪ ನಿಂತು ನೋಡಿದರು. ಒಂದು ಮಾತೂ ಆಡಲಿಲ್ಲ. ಆಮೇಲೆ ಸಾಯೋ ತನಕ, ಬೀದಿಯಲ್ಲಿ ಲಾರಿ ಸದ್ದಾದರೆ ಕಿಟಕಿ ಹತ್ತಿರ ಎದ್ದು ಬರುತ್ತಿದ್ದರು. ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇವನನ್ನ ಸುಟ್ಟಾಗಿತ್ತು, ಗುಣ ಹೋಗಿರಲಿಲ್ಲ.

"ನನ್ನ ಹೆಸರು ಬರಿ..." ಅಂತು ಬಾವಿ. "ಹೋಗ್ತೀನಿ."

ಅಕ್ಕ ತಿರುಗಿ ನೋಡದೆ ಮನೆಗೆ ಬಂದಳು. ಹೆದರಿಕೆ ಆಗಿತ್ತು ಅಂತ ಅವಳೇ ಒಪ್ಪುತ್ತಾಳೆ. ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ. ಚಿಲಕ ಹಾಕಿ, ಕೂತು, ಮೂರೆಳೆ ಕುಂಚವನ್ನ ಹಳದಿ ಬಣ್ಣದಲ್ಲಿ ಅದ್ದಿ ತನ್ನ ಅಪ್ಪನ ಹೆಸರನ್ನೇ ಬರೆದಳು. ಮೇಲೊಂದು ಕೈ ವಾರ್ನಿಷ್ ಎಳೆದು ಮಲಗಿದಳು.

ಬೆಳಿಗ್ಗೆ ಹಣೆ ಬೋಳು.

ಅವಳು ಬೈದುಕೊಂಡಿದ್ದು ತನ್ನನ್ನೇ. ಕೆಳಗಿನ ಬಣ್ಣ ಒಣಗೋ ಮೊದಲು ವಾರ್ನಿಷ್ ಹೊಡೆದರೆ ಅದು ಬಣ್ಣವನ್ನೇ ತಿಂದುಹಾಕುತ್ತಂತೆ. ಈ ಕೆಲಸದವರೆಲ್ಲ ಒಂದಲ್ಲ ಒಂದು ಸಲ ಮಾಡೋ ತಪ್ಪು. ಸರಿ, ಮತ್ತೆ ಬರೆದಳು. ಚೆನ್ನಾಗಿ ಒಣಗಲು ಬಿಟ್ಟು, ವಾರ ಕಳೆದ ಮೇಲೆ ವಾರ್ನಿಷ್ ಕೊಟ್ಟಳು. ಮಾರನೆ ಬೆಳಿಗ್ಗೆ ಮತ್ತೆ ಬೋಳು. ಆದರೆ ಈ ಸಲ ಮೇಜಿನ ಮೇಲೆ ಹಳದಿ ಹೊಟ್ಟು ಬಿದ್ದಿತ್ತು, ಪೆನ್ಸಿಲ್ ಕೆತ್ತಿದ ಹಾಗೆ ಸುರುಳಿ ಸುರುಳಿ. ಬಾಗಿಲ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು.

ದೊಡ್ಡಮ್ಮ ಆ ಹೊಟ್ಟು ನೋಡಿ ಬಾಗಿಲಲ್ಲೇ ನಿಂತರು.

"ಅವನ ಹೆಸರೇ ಬರೆದುಬಿಡು ಮಗಳೇ. ಆಟದ ಲಾರಿ ತಾನೇ? ಸತ್ತವರ ಹತ್ರ ಏನು ಜಗಳ?"

"ಬದುಕಿದ್ದಾಗ ಅಪ್ಪ ಆಡಲಿಲ್ವಲ್ಲಮ್ಮ, ಆ ಜಗಳ ಬಾಕಿ ಇದೆ."

"ನಿನಗೆ ಏನಾದ್ರೂ ಆದ್ರೆ?"

"ಆಗ್ಲಿ. ಅವನ ಹೆಸರಂತೂ ನನ್ನ ಕೈಯಲ್ಲಿ ಬರಲ್ಲ."

ಅವತ್ತು ರಾತ್ರಿ ಬಾವಿ ಹತ್ತಿರ ಅವಳೇ ನಿಂತಳು. ಝಲ್... ಝಲ್... ಸದ್ದು ಜಾಲರಿಯ ಅಡಿಯಿಂದ ಮೇಲೆ ಬರುತ್ತಿತ್ತು.

"ಬರೆದ್ಯಾ?"

"ಇಲ್ಲ. ಬರೆಯೋದೂ ಇಲ್ಲ."

"ಲಾರಿ ನಂದು..."

"ನಿಂದು ಗುಜರಿಗೆ ಹೋಯ್ತು. ಇದು ನಾನು ಕಟ್ಟಿದ್ದು. ಒಂದೊಂದು ಬೋಲ್ಟೂ ನಂದು."

"ಅಳಿಸ್ತೀನಿ..."

"ಅಳಿಸು, ನೋಡೋಣ."

ಅಂದವಳು ಮನೆಗೆ ಬರಲಿಲ್ಲ, ಸೀದಾ ಲ್ಯಾಬಿಗೆ ವಾಪಸ್ ಹೋದಳು. ಹಲ್ಲಿಗೆ ಮಾಡೋ ಹಾಗೇ, ಮೇಣದಲ್ಲಿ ಆ ಪುಟ್ಟ ಹಣೆಬೋರ್ಡನ್ನ ಅಕ್ಷರದ ಸಮೇತ ಕೆತ್ತಿದಳು. ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಹಲ್ಲಿನ ಲೋಹ ಕಾಯಿಸಿ ಹೊಯ್ದಳು. ಮೂವತ್ತು ವರ್ಷ ಮೂಳೆ ಕಡಿದರೂ ಸವೆಯದ ಲೋಹ. ಬೋರ್ಡು ಬೇರೆ ಅಕ್ಷರ ಬೇರೆ ಅಲ್ಲ, ಎಲ್ಲ ಒಂದೇ ತುಂಡು. ಅದನ್ನ ತಂದು ಲಾರಿಯ ಹಣೆಗೆ ಕೂರಿಸಿ, ದೀಪ ಆರಿಸಿ, ಮೇಜಿನ ಪಕ್ಕ ಕುರ್ಚಿ ಎಳೆದು ಕೂತಳು.

ಎಷ್ಟೋ ಹೊತ್ತು ಏನಿಲ್ಲ. ಆಮೇಲೆ ಗೊಂಚಲು... ಝಲ್. ಬಾಗಿಲ ಈಚೆಗೆ. ಕೋಣೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ವಾಸನೆ. ಅವಳ ಮೊಣಕೈಯಿಂದ ಗೇಣು ದೂರದಲ್ಲಿ ಶುರುವಾಯಿತು...

ಕರ್ರ್... ಕರ್ರ್... ಕರ್ರ್...

ಉಗುರು, ಲೋಹದ ಮೇಲೆ.

ಎದ್ದು ಓಡಿಹೋಗಬೇಕು ಅನ್ನಿಸಿತು. ಕಿಟಕಿ ಹಿಡಿದು ನಿಂತ ಅಪ್ಪ ನೆನಪಾದರು. ಕುರ್ಚಿ ಕೈ ಗಟ್ಟಿಯಾಗಿ ಹಿಡಿದಳು.

"ಕೆರಿ" ಅಂದಳು, ಅಷ್ಟೇ ಮೆಲ್ಲಗೆ. "ನಿನ್ನ ಉಗುರು ಮೊದಲು ಸವೆಯುತ್ತೋ, ನಮ್ಮಪ್ಪನ ಹೆಸರು ಮೊದಲು ಸವೆಯುತ್ತೋ ನೋಡೇಬಿಡೋಣ. ನನಗೇನು, ನಾಳೆ ರಜೆ."

ಕರ್ರ್... ಕರ್ರ್... ಜೋರಾಯಿತು. ಲಾರಿ ಮೇಜಿನ ಮೇಲೆ ಕಟಕಟ ಅಲುಗಿತು. ಅವಳು ಅದನ್ನ ಹಿಡಿದುಕೊಳ್ಳಲೂ ಇಲ್ಲ, ಕಾಪಾಡು ಅಂತ ಯಾರನ್ನೂ ಕರೆಯಲೂ ಇಲ್ಲ. ಸುಮ್ಮನೆ ಕೂತೇ ಇದ್ದಳು. ಹಾಲಿನವನ ಸೈಕಲ್ ಬೆಲ್ ಕೇಳೋ ಹೊತ್ತಿಗೆ ಸದ್ದು ನಿಧಾನವಾಯಿತು. ಕರ್... ಕ... ಆಮೇಲೆ ಒಂದು ನಿಟ್ಟುಸಿರು, ಮುದುಕರು ಬಿಡೋ ಅಂಥದ್ದು. ಅಷ್ಟೇ. ನಿಂತಿತು.

ಬೆಳಕು ಹರಿದಾಗ ದೊಡ್ಡಪ್ಪನ ಹೆಸರು ಹಣೆಯ ಮೇಲೆ ಪಳಪಳ ಹೊಳೆಯುತ್ತಿತ್ತು. ಉಜ್ಜಿ ಉಜ್ಜಿ ಅವನೇ ಪಾಲಿಶ್ ಮಾಡಿಕೊಟ್ಟ ಹಾಗಾಗಿತ್ತು! ಅಕ್ಕ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಅತ್ತಳು. ದೊಡ್ಡಮ್ಮ ಬಂದು ಹೆಸರಿನ ಮೇಲೆ ಬೆರಳಾಡಿಸಿ, ಕಾಫಿ ಮಾಡೋಕೆ ಹೋದರು. ಆಮೇಲೆ ಬಾವಿ ಮಾತಾಡಿಲ್ಲ.

ಆ ಲಾರಿ ಈಗ ಪಕ್ಕದ ಕೋಣೆಯಲ್ಲಿ, ಗಾಜಿನ ಬೀರುವಿನಲ್ಲಿದೆ. ಬೀಗದಕೈ ಒಂದೇ, ಅದು ಅಕ್ಕನ ಹತ್ತಿರ. ಹೋದ ವಾರ ಬೀಗ ತೆಗೆಸಿ ನಾನೇ ಹತ್ತಿರದಿಂದ ನೋಡಿದೆ. ಹಿಂದಿನ ಚಕ್ರದ ಕೆಳಗೆ ಒಂದು ಕಲ್ಲು ಇತ್ತು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ದೊಡ್ಡಪ್ಪ ಲಾರಿ ನಿಲ್ಲಿಸಿ ಇಳಿದಾಗೆಲ್ಲ ಗಾಡಿ ಉರುಳದಿರಲಿ ಅಂತ ಕೊಡುತ್ತಿದ್ದ ಹಾಗೆ, ಸರಿಯಾಗಿ ಒತ್ತಿ ಇಟ್ಟಿತ್ತು.

"ನೀನು ಇಟ್ಟಿದ್ದಾ?" ಅಂದೆ. ಅಕ್ಕ ತಲೆ ಅಲ್ಲಾಡಿಸಿದಳು, ಇಲ್ಲ ಅಂತ.

ನಾನು ಅದನ್ನ ತೆಗೆದು ಕಿಟಕಿಯಿಂದಾಚೆ ಎಸೆದೆ. ಬೀಗ ಹಾಕಿ ಬೀಗದಕೈ ನನ್ನ ಜೇಬಲ್ಲೇ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ತೆಗೆದರೆ, ಚಕ್ರಕ್ಕೆ ಮತ್ತೆ ಕಲ್ಲು ಕೊಟ್ಟಿತ್ತು. ಹೊರಗಿನ ಇಬ್ಬನಿಗೆ ಒದ್ದೆಯಾದ ಅದೇ ಕಲ್ಲು. ಕೈಯಾರೆ ಮುಟ್ಟಿದ್ದೀನಿ ನಾನು, ಸುಳ್ಳಲ್ಲ.