ಗಾಳಿ ಬಂತು, ಸ್ವರ ಬರಲಿಲ್ಲ

ಒಂದು ಊರು, ಶರಣರೇ. ಆ ಊರಿಗೊಬ್ಬ ಸಾಹುಕಾರ. ಊರಿನ ಹೆಸರು ಹೇಳುವುದಿಲ್ಲ. ಆ ಊರಿನವರು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿರಬಹುದು. ಸಾಹುಕಾರನಿಗೆ ಮಾತ್ರ ಒಂದು ಹೆಸರು ಬೇಕಲ್ಲ, ಗುರುಶಾಂತಪ್ಪ ಅಂತ ಇಟ್ಟುಕೊಳ್ಳೋಣ. ಅವನಿಗೆ ಹತ್ತಿ ಗಿರಣಿ ಇತ್ತು, ಮೂರಂತಸ್ತಿನ ಮನೆ ಇತ್ತು, ಹೇಳಿದ್ದಕ್ಕೆಲ್ಲ ಹೌದು ಅನ್ನುವ ನಲವತ್ತು ಜನ ಇದ್ದರು. ಇಲ್ಲ ಅನ್ನುವವಳು ಒಬ್ಬಳೇ ಇದ್ದಳು, ಅವನ ಅಕ್ಕ ನೀಲಗಂಗವ್ವ. ಅವಳ ಜತೆ ಅವನು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಯಾಕೆ ಬಿಟ್ಟ? ಆಸ್ತಿ ಜಗಳವೇ? ಅಲ್ಲ. ಗೃಹಪ್ರವೇಶದ ದಿನ ಅಕ್ಕ ಹೊಸ ಮನೆಯ ಮೆಟ್ಟಿಲು ಹತ್ತಿ ಇಳಿದು ಬಂದು, ಬೀಗರ ಎದುರಿಗೇ, “ತಮ್ಮಾ, ಪಾವಟಿಗಿ ಭಾಳ ಎತ್ತರ ಎತ್ತರ ಆಗ್ಯಾವು. ನಾಳೆ ಮುಪ್ಪಿನಾಗ ಹೆಂಗ ಇಳೀತಿ?” ಅಂದಿದ್ದಳು. ಇಷ್ಟೇ. ಅಂದಿನಿಂದ ಅವನು ಅವಳ ಓಣಿಗೇ ಕಾಲಿಡಲಿಲ್ಲ. ಆ ಮೆಟ್ಟಿಲನ್ನು ಮಾತ್ರ ದಿನಾ ಗೋಡೆ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದ.

ಇಂಥವನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಕೊಳಲು ಕಲಿಯುವ ಮನಸ್ಸಾಯಿತು. ಯಾವುದೋ ಮದುವೆಯಲ್ಲಿ ಒಬ್ಬರು ಕೊಳಲು ನುಡಿಸಿದಾಗ ಊಟಕ್ಕೆ ಕೂತವರೂ ಮಾತು ನಿಲ್ಲಿಸಿದ್ದನ್ನು ಅವನು ಕಂಡ. ಗಿರಣಿಯಲ್ಲಿ ಜನ ಸುಮ್ಮನಾಗಬೇಕಾದರೆ ಅವನು ಕೂಗಬೇಕಿತ್ತು. ಕೂಗದೆಯೂ ಜನ ಸುಮ್ಮನಾಗುತ್ತಾರಲ್ಲ ಅನ್ನಿಸಿತು. ಆಸೆ ಕೆಟ್ಟದ್ದೇನಲ್ಲ.

ಕಲಿಸಲು ನಿವೃತ್ತ ಸಂಗೀತ ಮಾಸ್ತರರೊಬ್ಬರು ಮನೆಗೇ ಬರತೊಡಗಿದರು. ಅವರ ಅಳಿಯ ಅದೇ ಗಿರಣಿಯಲ್ಲಿ ಕೆಲಸಕ್ಕಿದ್ದ. ಮೊದಲ ದಿನ ಸಾಹುಕಾರ ಊದಿದ. ಗಾಳಿ ಬಂತು. ಎರಡನೆಯ ದಿನ ಊದಿದ. ಗಾಳಿ ಬಂತು. ಒಂದು ತಿಂಗಳು ಊದಿದ. ಗಾಳಿಯೇ ಬಂತು. ನೋಡಿ, ಇದರಲ್ಲಿ ನಾಚಿಕೆಯೇನೂ ಇಲ್ಲ. ಕೊಳಲು ಹಿಡಿದವರಿಗೆಲ್ಲ ಮೊದಲು ಬರುವುದು ಗಾಳಿಯೇ.

ಮಾಸ್ತರರು “ಬರ್ತದ್ರಿ ಸಾವುಕಾರ್ರ, ಬರ್ತದ” ಅಂದರು. ಗಿರಣಿಯ ಮ್ಯಾನೇಜರ್, “ಬರ್ತದ ಏನ್ರಿ, ಬಂದೇಬಿಟ್ಟೈತಿ! ಅಂಗಳದತನಕ ಕೇಳತೈತ್ರಿ” ಅಂದ. ಹೆಂಡತಿಗೆ ಮೆಟ್ಟಿಲಿನ ಕಥೆ ಗೊತ್ತಿತ್ತು. “ಚಲೋ ಐತಿ” ಅಂದು ಒಳಗೆ ಹೋದಳು.

ಸಾಹುಕಾರನ ಕಿವಿ ಕೆಟ್ಟಿತ್ತೇ? ಇಲ್ಲ. ಅವನಿಗೂ ಗಾಳಿಯೇ ಕೇಳಿಸುತ್ತಿತ್ತು. ಆದರೆ ನಲವತ್ತು ಜನ ಸ್ವರ ಕೇಳಿಸಿತು ಅಂದರೆ ಒಬ್ಬನ ಕಿವಿ ಎಷ್ಟು ದಿನ ತಡೆದೀತು? ನುಡಿಸುವವನಿಗೆ ಹೀಗೇ ಕೇಳಿಸುತ್ತದೇನೋ, ಎದುರಿಗೆ ಕೂತವರಿಗೇ ಸ್ವರ ಕೇಳಿಸುವುದೇನೋ ಅಂದುಕೊಂಡ.

ಐದನೆಯ ತಿಂಗಳಲ್ಲಿ ಅವನ ತಂದೆಯ ಪುಣ್ಯಸ್ಮರಣೆ ಬಂತು. ಪೆಂಡಾಲು ಹಾಕಿಸಿದ, ಮೈಕು ಇಡಿಸಿದ, ಜರಿ ರುಮಾಲು ಸುತ್ತಿಕೊಂಡು ಕೂತು ಹನ್ನೆರಡು ನಿಮಿಷ ಕೊಳಲು ಊದಿದ. ಮೈಕಿನಲ್ಲಿ ಗಾಳಿ ಬಹಳ ಸ್ಪಷ್ಟವಾಗಿ ಕೇಳಿಸಿತು. ಜನ ತಲೆದೂಗಿದರು. ಮ್ಯಾನೇಜರ್ ಕಣ್ಣೊರೆಸಿಕೊಂಡ. ಸಾಹುಕಾರ ಕೊಳಲು ಕೆಳಗಿಟ್ಟಾಗ ಚಪ್ಪಾಳೆಯೋ ಚಪ್ಪಾಳೆ.

ಅಪ್ಪನ ಸ್ಮರಣೆ ಅಂತ ಅಕ್ಕನೂ ಬಂದಿದ್ದಳು. ಹಿಂದೆ, ಕಂಬದ ಪಕ್ಕ ಕೂತಿದ್ದಳು. ಚಪ್ಪಾಳೆ ನಿಂತ ಮೇಲೆ ಎದ್ದು ಕೇಳಿದಳು:

“ತಮ್ಮಾ, ಶುರು ಯಾವಾಗ ಮಾಡ್ತಿ?”

ಅವಳು ಹಂಗಿಸಲಿಲ್ಲ, ಶರಣರೇ. ನಿಜವಾಗಿಯೂ ಕಾಯುತ್ತಿದ್ದಳು.

ಸಾಹುಕಾರ ಮಾಸ್ತರರ ಕಡೆ ತಿರುಗಿದ. “ಮಾಸ್ತರ, ಖರೇ ಹೇಳ್ರಿ. ಸ್ವರ ಬಂತೋ ಇಲ್ಲೋ?”

“ಇಲ್ರಿ.”

“ಯಾವತ್ತಿಂದ?”

“ಮೊದಲನೇ ದಿನದಿಂದ್ರಿ. ತುಟಿ ಮುಂದ ತಂದು ತೂತನ್ನ ಮುಚ್ಚತೀರಿ.”

“ಐದು ತಿಂಗಳು ಯಾಕ ಹೇಳಲಿಲ್ಲ?”

ಮಾಸ್ತರರು ನೆಲ ನೋಡಿದರು. “ಒಡಹುಟ್ಟಿದ ಅಕ್ಕ ಪಾವಟಿಗಿ ಎತ್ತರ ಐತಿ ಅಂದದ್ದಕ್ಕ ಒಂಬತ್ತು ವರ್ಷ ಮಾತು ಬಿಟ್ಟೀರಿ. ನಾ ಹೊರಗಿನಾಂವ್ರಿ.”

ಸಾಹುಕಾರ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮೊದಲ ದಿನ ಅಕ್ಕನ ಮೇಲೆ ಸಿಟ್ಟು ಬಂತು, ಎರಡನೆಯ ದಿನ ಮಾಸ್ತರರ ಮೇಲೆ. ಮೂರನೆಯ ದಿನ ಸಿಟ್ಟು ಮಾಡಲು ಬೇರೆ ಯಾರೂ ಉಳಿದಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕೊಳಲು ಹಿಡಿದು ಅಕ್ಕನ ಮನೆಗೆ ನಡೆದ. ಅವಳು ಕಟ್ಟೆಯ ಮೇಲೆ ಬೇಳೆ ಆರಿಸುತ್ತಿದ್ದಳು. ಒಂಬತ್ತು ವರ್ಷದ ಮಾತು ಎಲ್ಲಿಂದ ಶುರು ಮಾಡಬೇಕು?

“ಅಕ್ಕಾ, ಕೇಳಿ ಹೇಳ್ತಿಯೇನು?” ಅಂದ.

“ಕೂಡು” ಅಂದಳು.

ಊದಿದ. ಅವಳು ಮೊರದಿಂದ ತಲೆ ಎತ್ತದೆ “ಇಲ್ಲ” ಅಂದಳು. ಮರುದಿನವೂ ಹೋದ. “ಇಲ್ಲ.” ಮಾಸ್ತರರನ್ನೂ ಅಲ್ಲಿಗೇ ಕರೆಸಿದ, ಕೈಮುಗಿದು, “ತಪ್ಪಿದಲ್ಲಿ ಬೈರಿ” ಅಂದ. ಅವರು ಬೈಯಲಿಲ್ಲ, ಅವನ ತುಟಿಯನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದರು. ಐದು ತಿಂಗಳಲ್ಲಿ ಅವರು ಅವನನ್ನು ಮುಟ್ಟಿ ತಿದ್ದಿದ್ದು ಅದೇ ಮೊದಲು. ಹದಿನೆಂಟು ದಿನ ಅಕ್ಕ ಇಲ್ಲ ಅಂದಳು. ಹತ್ತೊಂಬತ್ತನೆಯ ದಿನ ಕೊಳಲಿನಿಂದ ಸಣ್ಣಗೆ, ನಡುಗುತ್ತ, ಒಂದು ಸ್ವರ ಹೊರಟಿತು. ಬೇಳೆ ಆರಿಸುವ ಕೈ ನಿಂತಿತು.

“ಬಂತು.”

“ಖರೇನ?”

“ನಾ ಯಾವಾಗರ ನಿನಗ ಸುಳ್ಳ ಹೇಳೇನೇನು?”

ಪೆಂಡಾಲು ತುಂಬ ಚಪ್ಪಾಳೆ ಗಿಟ್ಟಿಸಿದವನು ಆ ಒಂದು ಮಾತಿಗೆ ಅಕ್ಕನ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟ.

ಆಮೇಲೆ ಅವನು ದೊಡ್ಡ ವಿದ್ವಾಂಸನಾದ ಅಂದರೆ ನಿಮಗೆ ಸಂತೋಷವಾದೀತು. ಆಗಲಿಲ್ಲ. ಸರಿಗಮ ನುಡಿಸುತ್ತಾನೆ, ಪಂಚಮದಲ್ಲಿ ಇನ್ನೂ ತಪ್ಪುತ್ತಾನೆ. ಆದರೆ ತಪ್ಪಿದ್ದು ಅವನಿಗೆ ಗೊತ್ತಾಗುತ್ತದೆ.

ಈಗ ನಿಮ್ಮ ಮನೆಗೆ ಬರೋಣ. ಸಾರಿಗೆ ಉಪ್ಪು ಹೆಚ್ಚಾಗಿದೆ ಅಂದ ಸೊಸೆಯ ಜತೆ ಎಷ್ಟು ದಿನ ಮಾತು ಬಿಟ್ಟಿರಿ, ತಾಯಿ? ಲೆಕ್ಕ ತಪ್ಪಿದೆ ಸಾರ್ ಅಂದ ಗುಮಾಸ್ತನನ್ನು ಯಾವ ಮೂಲೆಗೆ ಕೂರಿಸಿದಿರಿ, ಯಜಮಾನರೇ? ಅಪ್ಪಾ, ನೀವು ಸುಮ್ಮನೆ ಕೂಗಾಡ್ತೀರಿ ಅಂದ ಮಗಳು ಈಗ ಏನೂ ಹೇಳುವುದಿಲ್ಲವಲ್ಲ, ಅವಳು ಒಪ್ಪಿಕೊಂಡಳು ಅಂತ ತಿಳಿದಿರಾ? ಒಪ್ಪಿಲ್ಲ. ಹೇಳುವುದನ್ನು ಬಿಟ್ಟಿದ್ದಾಳೆ, ಅಷ್ಟೇ. ನನ್ನನ್ನೂ ಬಿಡಬೇಡಿ. ಮೂವತ್ತು ವರ್ಷದಿಂದ ಈ ಗದ್ದುಗೆಯ ಮೇಲೆ ಕೂತು ಮಾತಾಡುತ್ತಿದ್ದೇನೆ, ನೀವು ತಲೆದೂಗುತ್ತಿದ್ದೀರಿ. ನನಗೂ ಈಚೆಗೆ ಅನುಮಾನ.

ಆದ್ದರಿಂದ ಒಂದು ಕೆಲಸ ಮಾಡಿ. ಇವತ್ತು ಮನೆಗೆ ಹೋಗಿ, ನಿಮಗೆ ಏನೂ ಹೇಳದೆ ಸುಮ್ಮನಾದವರು ಯಾರೋ ಅವರ ಎದುರು ಕೂತು, “ನಾನು ಎಲ್ಲಿ ತಪ್ಪುತ್ತಿದ್ದೇನೆ?” ಅಂತ ಕೇಳಿ. ಮೊದಲು ಅವರು “ಏನಿಲ್ಲ” ಅನ್ನುತ್ತಾರೆ. ನಂಬಬೇಡಿ, ಅದು ಹೆದರಿಕೆಯ ಮಾತು. ಇನ್ನೊಮ್ಮೆ ಕೇಳಿ. ಅವರು ಹೇಳತೊಡಗಿದಾಗ ಎದ್ದು ಹೋಗಬೇಡಿ, ಫೋನು ನೋಡಬೇಡಿ, “ಆದರೆ” ಅನ್ನಬೇಡಿ. ಪೂರ್ತಿ ಹೇಳಿ ಮುಗಿಸಲಿ. ಮುಗಿದ ಮೇಲೆ ಒಂದೇ ಮಾತು ಹೇಳಿ: “ನಾಳೆಯೂ ಹೇಳು.”