ಮದ್ದು ಸಿಡಿಸುವ ಮುನ್ನ ಹೋಗದ ಮೆಸೇಜು

ನನ್ನ ಹೆಸರು ದಿವ್ಯ, ತಂದೆ ನಿಂಗರಾಜು, ವಯಸ್ಸು 26, ಚಿನಕುರಳಿ ಹತ್ತಿರದ ಕಲ್ಲು ಕ್ವಾರಿಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ, ವಾಸ ಪಾಂಡವಪುರ ಟೌನ್. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಕ್ವಾರಿಯಲ್ಲಿ ಮದ್ದು ಸಿಡಿಸುವ ಮೇಸ್ತ್ರಿ ಕೆಂಪಣ್ಣ, 58 ವರ್ಷ, ಸಿಡಿಸುವ ಅರ್ಧ ಗಂಟೆ ಮುಂಚೆ ಹೊಲಗಳ ಬದುವಿನ ಮೇಲೆ ನಡೆದು, ಶಿಳ್ಳೆ ಹಾಕಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ ದೂರ ಕಳಿಸುತ್ತಿದ್ದರು. ಇದರ ಬದಲಿಗೆ ಹೊಲದವರ 41 ಫೋನುಗಳಿಗೆ ಒಟ್ಟಿಗೆ ಮೆಸೇಜು ಹೋಗುವಂತೆ ನಾನು ಮನೆಯ ಲ್ಯಾಪ್‌ಟಾಪಿನಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ, ಬರೆದೆನು. ಅಲ್ಲಿ ಪರೀಕ್ಷಿಸಿದಾಗ ಎಲ್ಲರಿಗೂ ಹೋಯಿತು. ಮ್ಯಾನೇಜರ್ ರಘುನಂದನ್ ಅವರು ಇನ್ನು ಬದುವಿನ ಮೇಲೆ ನಡೆದು ಕೂಗುವುದು ಬೇಡವೆಂದು ಕೆಂಪಣ್ಣನವರಿಗೆ ಹೇಳಿದರು.

ದಿನಾಂಕ 10-02-2025ರಂದು ಅದನ್ನು ಡಬಲ್ ಕ್ಲಿಕ್ ಮಾಡಿದರೆ ಓಡುವ ಪ್ರೋಗ್ರಾಮು ಮಾಡಿ ಆಫೀಸಿನ ಕಂಪ್ಯೂಟರಿಗೆ ಹಾಕಿದೆನು. ಮತ್ತೆ ಸುಮ್ಮಸುಮ್ಮನೆ ಮೆಸೇಜು ಹೋದರೆ ಜನ ನಂಬುವುದಿಲ್ಲವೆಂದು ಅಲ್ಲಿ ಪರೀಕ್ಷಿಸಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಕಪ್ಪು ಕಿಟಕಿ ತೆರೆದು ತಾನಾಗಿ ಮುಚ್ಚಿದರೆ ಮೆಸೇಜು ಹೋಯಿತೆಂದು ತಿಳಿಯಿರಿ ಎಂದು ಕೆಂಪಣ್ಣನವರಿಗೆ ನಾನೇ ಹೇಳಿಕೊಟ್ಟೆನು.

ಮರುದಿನ ಮಧ್ಯಾಹ್ನ 12.30ಕ್ಕೆ ಅವರು ನನ್ನೆದುರಿಗೇ ಕ್ಲಿಕ್ ಮಾಡಿದರು. ಕಿಟಕಿ ತೆರೆದು ಮುಚ್ಚಿತು. 1.00 ಗಂಟೆಗೆ ಮದ್ದು ಸಿಡಿಸಿದರು. 180 ಮೀಟರ್ ದೂರದಲ್ಲಿ ಹುಲ್ಲು ಕೊಯ್ಯುತ್ತಿದ್ದ ಲಕ್ಷ್ಮಿದೇವಮ್ಮನವರ ಬಲಗಾಲಿಗೆ ಕಲ್ಲು ಬಡಿಯಿತು. ಅಂದೇ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕಾಲು ತೆಗೆದರು. ನಾನು ನೋಡಲು ಹೋದಾಗ ಅವರು, "ಫೋನು ಸೆರಗಲ್ಲೇ ಕಟ್ಕಂಡಿದ್ದೆ ಕಣವ್ವ, ಏನೂ ಬರ್ನಿಲ್ಲ" ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

12ರಂದು ಬೆಳಿಗ್ಗೆ 9.15ಕ್ಕೆ ಕಿಟಕಿ ಮುಚ್ಚದಂತೆ ಮಾಡಿ ಪ್ರೋಗ್ರಾಮು ಓಡಿಸಿ ನೋಡಿದೆನು. ನಂಬರುಗಳ ಫೈಲು ಸಿಗುತ್ತಿಲ್ಲವೆಂದು ಅದರಲ್ಲಿ ಬರೆದಿತ್ತು. ನನ್ನ ಲ್ಯಾಪ್‌ಟಾಪಿನ ಫೋಲ್ಡರಿನಲ್ಲೇ ಆ ಫೈಲನ್ನು ಹುಡುಕುವಂತೆ ನಾನು ಬರೆದಿದ್ದೆನು. ಫೈಲನ್ನು ಆಫೀಸಿನ ಕಂಪ್ಯೂಟರಿಗೆ ಹಾಕಿರಲೂ ಇಲ್ಲ. ಮೆಸೇಜು ಹೋಗಿ ಮುಚ್ಚುವ ಕಿಟಕಿ, ಕೆಟ್ಟು ಮುಚ್ಚುವ ಕಿಟಕಿ ನೋಡಲು ಒಂದೇ ಥರ. ಮೆಸೇಜು ಹೋಗದಿರಲು ಕಾರಣ ನನ್ನ ತಪ್ಪು.

ಇದನ್ನು ಹೇಳಿದಾಗ ಮ್ಯಾನೇಜರು, ಕೆಂಪಣ್ಣ ಕ್ಲಿಕ್ ಮಾಡಲೇ ಇಲ್ಲವೆಂದು ದೂರು ಕೊಟ್ಟಾಗಿದೆ, ನೀನು ಸುಮ್ಮನಿರು, ಕಂಪ್ಯೂಟರಿನಲ್ಲಿರುವುದನ್ನು ಅಳಿಸು ಎಂದರು. ನಾನು ಅಳಿಸಿಲ್ಲ. 11ರಂದು 12.30ಕ್ಕೆ ಪ್ರೋಗ್ರಾಮು ತೆರೆದು, ಕೆಟ್ಟು ನಿಂತ ದಾಖಲೆ ಅದರಲ್ಲಿದೆ.

ಈಗ ಠಾಣೆಯ ಬೆಂಚಿನ ಮೇಲೆ ಕುಳಿತಿರುವ ಕೆಂಪಣ್ಣನವರು ನನ್ನನ್ನು ಕಂಡು, "ನೀ ಯಾಕವ್ವ ಬಂದೆ, ನಂದೇನ್ ಬುಡು, ಮನೆಗೋಗು" ಎಂದರು. ಅವರ ತಪ್ಪಿಲ್ಲ. ಅವರನ್ನು ಬಿಡಬೇಕು.

ಈ ಹೇಳಿಕೆಯನ್ನು ಓದಿಸಿ ಕೇಳಿದೆನು, ನಾನು ಹೇಳಿದಂತೆಯೇ ಇದೆ. ಒಂದು ಕಡೆ ಮಾತ್ರ ಠಾಣೆಯವರು 'ತಾಂತ್ರಿಕ ದೋಷ' ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ 'ನನ್ನ ತಪ್ಪು' ಎಂದು ಬರೆಸಿ, ಪಕ್ಕದಲ್ಲಿ ಸಹಿ ಹಾಕಿದ್ದೇನೆ.

ಸ್ಥಳ: ಪಾಂಡವಪುರ
ದಿನಾಂಕ: 13-02-2025, ಬೆಳಿಗ್ಗೆ 11.40
ಸಹಿ: ದಿವ್ಯ ಎನ್.